ಅವ್ವನ ಬೋರಮಾಳ ಹೋಯಿತು, ಈಗ ನಿದ್ದೆಯೂ ಇಲ್ಲ

ಓದುಗರ ಪ್ರಶ್ನೆಗಳಿಗೆ ಆಪ್ತ ಸಮಾಲೋಚಕರ ಉತ್ತರ

ಪ್ರಶ್ನೆ: ನಾವು ಗಂಗಾವತಿಯವರು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಮನೆಮಂದಿಯೆಲ್ಲ ಹೋಗಿದ್ದೆವು. ತೇರು ನೋಡಿ, ಪ್ರಸಾದ ಮಾಡಿ, ರಾತ್ರಿ ಅಲ್ಲೇ ಸಂಬಂಧಿಕರ ಮನೆಯಲ್ಲಿ ಉಳಿದೆವು. ಮರುದಿನ ಬಂದರೆ ಬಾಗಿಲ ಕೊಂಡಿ ಮುರಿದಿತ್ತು. ಬೀರು ಒಡೆದು ಬಟ್ಟೆಯೆಲ್ಲ ನೆಲಕ್ಕೆ ಚೆಲ್ಲಿದ್ದರು. ನಮ್ಮ ಅವ್ವನ ಬೋರಮಾಳ ಸರ, ಅಪ್ಪನ ಬೆಳ್ಳಿ ಕರಡಿಗೆ, ಮಗ ಹುಟ್ಟಿದಾಗ ಅವ್ವ ಹಾಕಿದ್ದ ಬೆಳ್ಳಿ ಕಾಲ್ಕಡಗ ಎಲ್ಲ ಹೋದವು. ಅವ್ವ ತೀರಿಕೊಂಡು ಎರಡು ವರ್ಷ ಆಯಿತು. ಎಫ್‌ಐಆರ್ ಆಗಿದೆ, ಆದರೆ ಎರಡು ತಿಂಗಳಾದರೂ ಏನೂ ಸಿಕ್ಕಿಲ್ಲ. ‘ಬಂಗಾರ ತಾನೇ, ಮತ್ತೆ ಮಾಡಿಸಿದರಾಯ್ತು’ ಅಂತಾರೆ ನಮ್ಮ ಮನೆಯವರು. ‘ಲಾಕರ್‌ನಾಗ ಇಡಬೇಕಿತ್ತು’ ಅಂತಾರೆ ಬಂದವರು. ಅಂಜನ ಹಾಕಿಸಿ ನೋಡೋಣ ಅಂತ ಅತ್ತೆ ಹಟ ಹಿಡಿದಿದ್ದಾರೆ. ಅವರಿಗೆ ಕೆಲಸದವಳ ಮೇಲೆ ಅನುಮಾನ, ಅವಳನ್ನು ಬಿಡಿಸಿಬಿಟ್ಟಿದ್ದೇವೆ. ಎಂಟು ವರ್ಷದ ಮಗ ಒಬ್ಬನೇ ಮಲಗುತ್ತಿಲ್ಲ. ನನಗೂ ರಾತ್ರಿ ಸಣ್ಣ ಸಪ್ಪಳವಾದರೆ ಎದೆ ಹೊಡೆದುಕೊಳ್ಳುತ್ತದೆ. ಒಂದು ಸರಕ್ಕಾಗಿ ಇಷ್ಟು ಅಳುತ್ತೇನೆ ಅಂದರೆ ನನ್ನ ತಲೆ ಕೆಟ್ಟಿದೆಯಾ?
– ಹೆಸರು ಬೇಡ, ಗಂಗಾವತಿ

ಉತ್ತರ: ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ, ಅಕ್ಕ. ನಿಮ್ಮ ತಲೆ ಕೆಟ್ಟಿಲ್ಲ. ನೀವು ಅಳುತ್ತಿರುವುದು ಅವ್ವನಿಗಾಗಿ.

ಅವ್ವ ಹೋದಾಗ ಹಿಡಿದುಕೊಳ್ಳಲು ನಿಮಗೆ ಆ ಸರ ಇತ್ತು. ಹಬ್ಬಕ್ಕೆ ಹಾಕಿಕೊಂಡರೆ ಅವ್ವನ ಕೊರಳಿಗೆ ತಾಗಿದ ಗುಂಡುಗಳೇ ನಿಮ್ಮ ಕೊರಳಿಗೂ ತಾಗುತ್ತಿದ್ದವು. ಅದೂ ಇಲ್ಲ ಅಂದಾಗ ಹಳೆಯ ಸಾವಿನ ದುಃಖ ಹೊಸದಾಗಿ ಎದ್ದು ಬರುತ್ತದೆ. ಕಳವಾದ ಮನೆಯವರ ಜೊತೆ ಮಾತಾಡುವಾಗ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ನಗದು ಹೋದದ್ದನ್ನು ಲೆಕ್ಕ ಹೇಳಿ ಮುಗಿಸುತ್ತಾರೆ. ತೀರಿಕೊಂಡವರ ವಸ್ತುವಿನ ಮಾತು ಬಂದರೆ ಗಂಟಲು ಕಟ್ಟುತ್ತದೆ. ಹಾಗಾಗಿ ಇದನ್ನು ನಷ್ಟ ಅಂತ ನೋಡಬೇಡಿ, ದುಃಖ ಅಂತಲೇ ನೋಡಿ. ಯಾರಾದರೂ ತೀರಿಕೊಂಡ ಮನೆಯಲ್ಲಿ ‘ಎಷ್ಟು ತೊಲೆ ಇತ್ತು?’ ಅಂತ ಕೇಳುತ್ತೇವಾ? ನಿಮ್ಮನ್ನೂ ಹಾಗೆ ಕೇಳಬಾರದು. ನೀವೂ ನಿಮ್ಮನ್ನು ಹಾಗೆ ಕೇಳಿಕೊಳ್ಳಬೇಡಿ.

ದುಃಖದ ಜೊತೆ ಭಯವೂ ಸೇರಿದೆ. ಗೊತ್ತಿಲ್ಲದ ಕೈಗಳು ನಿಮ್ಮ ಸೀರೆಗಳನ್ನು ಕೆದಕಿವೆ, ನೀವು ಮಲಗುವ ಕೋಣೆಯಲ್ಲಿ ಓಡಾಡಿವೆ. ಮನೆ ಅಂದರೆ ನಿಶ್ಚಿಂತೆ ಅನ್ನುವ ನಂಬಿಕೆಗೇ ಪೆಟ್ಟು ಬಿದ್ದಿದೆ. ಸಪ್ಪಳಕ್ಕೆ ಬೆಚ್ಚುವುದು, ನಿದ್ದೆ ಹರಿಯುವುದು, ಬೀಗ ಹಾಕಿದೆನೋ ಇಲ್ಲವೋ ಅಂತ ಪದೇ ಪದೇ ಎದ್ದು ನೋಡುವುದು, ಆ ಬೀರುವಿನ ಹತ್ತಿರ ಹೋಗಲು ಮನಸ್ಸಾಗದಿರುವುದು, ಇವೆಲ್ಲ ಇಂಥ ಘಟನೆಯಾದ ಮೇಲೆ ಬರುವಂಥವೇ. ಕೆಲವರು ಮನೆಯ ಬಟ್ಟೆಯನ್ನೆಲ್ಲ ತೆಗೆದು ಒಗೆಯುತ್ತಾರೆ. ನಿಮಗೂ ಹಾಗೆ ಅನ್ನಿಸಿದರೆ ಒಗೆದುಬಿಡಿ. ಬೀರುವಿನ ಜಾಗ ಬದಲಿಸಿ. ಕೋಣೆಗೆ ಸುಣ್ಣ ಬಳಿಸಿದರೂ ಸರಿ. ಇದು ನನ್ನ ಮನೆ ಅಂತ ಕೈಯಾರೆ ಮತ್ತೆ ಹೇಳಿಕೊಳ್ಳುವ ಕೆಲಸ ಅದು.

ಮೊದಲು ಕೊಂಡಿ, ಬೀಗ, ಹಿಂಬಾಗಿಲ ಚಿಲಕ ಗಟ್ಟಿ ಮಾಡಿಸಿ. ಧೈರ್ಯ ತಂದುಕೋ ಅಂತ ಬರೀ ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಬಾಗಿಲು ನಿಜವಾಗಿಯೂ ಭದ್ರವಾಗಿರಬೇಕು. ಆಮೇಲೆ ಮಲಗುವ ಮುಂಚೆ ಒಮ್ಮೆ ಮಾತ್ರ ಬೀಗ ನೋಡಿ ಬನ್ನಿ. ‘ನೋಡಿದೆ, ಹಾಕಿದೆ’ ಅಂತ ಜೋರಾಗಿ ಹೇಳಿಕೊಳ್ಳಿ. ಎರಡನೇ ಸಲ ಏಳಬೇಕು ಅನ್ನಿಸಿದಾಗ ಸ್ವಲ್ಪ ಹೊತ್ತು ತಡೆದು ನೋಡಿ. ಆ ತಳಮಳ ತಾನಾಗಿ ಇಳಿಯುತ್ತದೆ. ಎದ್ದೆದ್ದು ನೋಡಿದಷ್ಟೂ ಭಯ ಜಾಸ್ತಿಯೇ ಆಗುತ್ತದೆ.

ಮಗನನ್ನು ಸ್ವಲ್ಪ ದಿನ ನಿಮ್ಮ ಪಕ್ಕವೇ ಮಲಗಿಸಿಕೊಳ್ಳಿ, ಏನೂ ಕೆಡುವುದಿಲ್ಲ. ಆಮೇಲೆ ಅದೇ ಕೋಣೆಯಲ್ಲಿ ಬೇರೆ ಹಾಸಿಗೆ, ಆಮೇಲೆ ಅವನ ಜಾಗ, ಹೀಗೆ ಮೆಲ್ಲಗೆ ದೂರ ಮಾಡಿ. ಬಂದವರಿಗೆಲ್ಲ ಅವನ ಎದುರು ಕಥೆ ಹೇಳಬೇಡಿ. ನಮ್ಮ ಕಡೆ ಸುದ್ದಿ ಕೇಳಿದವರೆಲ್ಲ ಮಾತಾಡಿಸಿ ಹೋಗಲು ಬರುತ್ತಾರೆ, ಅದು ಪ್ರೀತಿಯೇ. ಆದರೆ ಪ್ರತಿ ಸಲ ಹೇಳುವಾಗ ಆ ಮಗು ಮತ್ತೆ ಆ ಒಡೆದ ಬಾಗಿಲ ಮುಂದೆ ನಿಲ್ಲುತ್ತದೆ. ‘ಕಳ್ಳರು ಬಂದಿದ್ದರು, ನಾವ್ಯಾರೂ ಇರಲಿಲ್ಲ, ಈಗ ಬೀಗ ಗಟ್ಟಿ ಮಾಡಿಸಿದ್ದೇವೆ’ ಅಂತ ನಿಜವನ್ನೇ ನಾಲ್ಕು ಮಾತಲ್ಲಿ ಹೇಳಿ. ಕಾಲ್ಕಡಗ ಅವನದೇ ವಸ್ತು. ಅದು ಹೋದದ್ದಕ್ಕೆ ಅವನಿಗೂ ಬೇಜಾರಿರಬಹುದು. ಒಮ್ಮೆ ಕೇಳಿ ನೋಡಿ.

ನಿಮ್ಮ ಮನೆಯವರ ಮಾತಿನ ಬಗ್ಗೆ. ಮತ್ತೆ ಮಾಡಿಸೋಣ ಅನ್ನುವ ಗಂಡಸರಲ್ಲಿ ಬಹಳಷ್ಟು ಜನರಿಗೆ ಒಳಗೆ ಸಂಕಟ ಇರುತ್ತದೆ. ಮನೆ ಕಾಯಲಾಗಲಿಲ್ಲ ಅನ್ನುವ ಅವಮಾನವೂ ಇರುತ್ತದೆ. ಅವರಿಗೆ ಪರಿಹಾರ ಹೇಳಲು ಬರುತ್ತದೆ, ಸುಮ್ಮನೆ ಕೂತು ಕೇಳಲು ಯಾರೂ ಕಲಿಸಿಲ್ಲ. ಏನು ಬೇಕು ಅಂತ ನೀವೇ ಬಿಡಿಸಿ ಹೇಳಿ: ‘ನನಗ ಹೊಸಾ ಸರ ಬ್ಯಾಡ. ಅರ್ಧ ತಾಸು ಕುಂತು ಅವ್ವನ ಮಾತು ಕೇಳ್ರಿ, ಸಾಕು.’

ಲಾಕರ್ ಬಗ್ಗೆ ಹೇಳಿದವರಿಗೆ ನೀವು ಉತ್ತರ ಕೊಡಬೇಕಾಗಿಲ್ಲ. ಒಡವೆ ಇರುವುದು ಹಾಕಿಕೊಳ್ಳಲು. ಉಳಿದದ್ದನ್ನು ಲಾಕರ್‌ನಲ್ಲಿಡಿ, ಒಳ್ಳೆಯದೇ. ಆದರೆ ಅಲ್ಲೂ ಒಂದು ಮಿತಿ ಇದೆ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಬ್ಯಾಂಕಿನಲ್ಲಿ ಕಳವಾದರೆ ಬ್ಯಾಂಕ್ ಕೊಡಬೇಕಾದ ಹಣ ಲಾಕರ್‌ನ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ. ಅವ್ವನ ಸರಕ್ಕೆ ಅದೂ ಬದಲಿಯಲ್ಲ. ಇನ್ನು ತಪ್ಪು ಯಾರದು ಅನ್ನುವುದನ್ನು ಕಾನೂನೇ ಹೇಳಿದೆ. ಮನೆಯೊಳಗೆ ಕದ್ದವನಿಗೆ ಭಾರತೀಯ ನ್ಯಾಯ ಸಂಹಿತೆಯ 305ನೇ ಸೆಕ್ಷನ್‌ನಲ್ಲಿ ಏಳು ವರ್ಷದವರೆಗೆ ಜೈಲು ಇದೆ. ಮನೆಗೆ ಬೀಗ ಹಾಕಿ ಜಾತ್ರೆಗೆ ಹೋದವರಿಗೆ ಯಾವ ಸೆಕ್ಷನ್ನೂ ಇಲ್ಲ.

ಈಗ ಅಂಜನದ ವಿಷಯ. ಇಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ, ಹಾಕಿಸಬೇಡಿ. ಎಲೆಯ ಮೇಲಿನ ಮಸಿಯಲ್ಲಿ ಕಾಣುವುದು ಮನೆಯವರ ಮನಸ್ಸಿನಲ್ಲಿ ಮೊದಲೇ ಇದ್ದ ಮುಖ. ನಿಮ್ಮ ಮನೆಯಲ್ಲಿ ಆ ಮುಖ ಯಾರದು ಅಂತ ಈಗಾಗಲೇ ಗೊತ್ತಿದೆ ಅಲ್ವಾ? ಸಾಕ್ಷಿ ಇಲ್ಲದೆ ಅವಳ ಹೆಸರು ಓಣಿಯಲ್ಲಿ ಹಬ್ಬಿದರೆ ಅವಳಿಗೆ ಇನ್ನೊಂದು ಮನೆಯಲ್ಲಿ ಕೆಲಸ ಸಿಗುವುದಿಲ್ಲ. ಅವಳ ಮಕ್ಕಳನ್ನು ಶಾಲೆಯಲ್ಲಿ ಆಡಿಕೊಳ್ಳುತ್ತಾರೆ. ಜಾತ್ರೆಗೆ ಹೋಗುವ ಸುದ್ದಿ ಯಾರ್ಯಾರಿಗೆ ಗೊತ್ತಿತ್ತು, ಕೀಲಿ ಯಾರ ಹತ್ತಿರ ಇತ್ತು ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ತನಿಖಾಧಿಕಾರಿಗೆ ಹೇಳಿ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಅವಳ ವಿರುದ್ಧ ಅನುಮಾನ ಬಿಟ್ಟು ಬೇರೇನೂ ಇಲ್ಲದಿದ್ದರೆ ದಯವಿಟ್ಟು ಕರೆದು ಮಾತಾಡಿಸಿ. ಅತ್ತೆಯವರಿಗೂ ಭಯವಾಗಿದೆ, ಆ ಭಯ ಒಂದು ಹೆಸರು ಹುಡುಕುತ್ತಿದೆ. ಅವರ ಮೇಲೆ ಸಿಟ್ಟಾಗಬೇಡಿ, ಆದರೆ ಈ ಒಂದು ವಿಷಯದಲ್ಲಿ ಸೋಲಬೇಡಿ.

ಎಫ್‌ಐಆರ್ ಪ್ರತಿ ನಿಮ್ಮ ಹತ್ತಿರ ಇದೆಯಾ? ದೂರು ಕೊಟ್ಟವರಿಗೆ ಅದನ್ನು ಉಚಿತವಾಗಿ ಕೊಡಬೇಕು. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರು ನಿಮಗೆ ತಿಳಿಸಬೇಕು ಅಂತಲೂ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ. ಹಾಗಾಗಿ ಠಾಣೆಗೆ ಹೋಗಿ ಕೇಳಲು ಹಿಂಜರಿಯಬೇಡಿ. ಗಾಬರಿಯಲ್ಲಿ ಬರೆಸುವಾಗ ಬಿಟ್ಟುಹೋದದ್ದು ಈಗ ನೆನಪಾದರೆ ಪೂರಕ ಹೇಳಿಕೆ ಕೊಡಬಹುದು. ಬೋರಮಾಳ ಮಾಡಿದ ಅಥವಾ ರಿಪೇರಿ ಮಾಡಿದ ಪತ್ತಾರರನ್ನು ಕೇಳಿ. ಎಲ್ಲಿ ಬೆಸುಗೆ ಹಾಕಿದ್ದರು, ಯಾವ ಗುಂಡು ನೆಗ್ಗಿತ್ತು, ಕೊಂಡಿ ಎಂಥದು ಅನ್ನುವುದು ಅವರಿಗೆ ನೆನಪಿರಬಹುದು. ಹಳೆಯ ಒಡವೆಗೆ ಈಗಿನ ಹಾಲ್‌ಮಾರ್ಕ್ ಸಂಖ್ಯೆ ಇರುವುದಿಲ್ಲ, ಇಂಥ ಗುರುತುಗಳೇ ಆಧಾರ. ಮದುವೆಯ ಆಲ್ಬಮ್‌ನಲ್ಲಿ ಅವ್ವ ಸರ ಹಾಕಿಕೊಂಡ ಫೋಟೊ ಹುಡುಕಿ ದೊಡ್ಡದು ಮಾಡಿಸಿ, ಠಾಣೆಗೊಂದು ಕೊಡಿ, ನಿಮಗೊಂದು ಇಟ್ಟುಕೊಳ್ಳಿ.

ಆ ಫೋಟೊ ಎದುರಿಗಿಟ್ಟುಕೊಂಡು ಇನ್ನೊಂದು ಕೆಲಸ ಮಾಡಿ. ದೊಡ್ಡವ್ವ, ಚಿಕ್ಕವ್ವ ಯಾರಿದ್ದಾರೋ ಅವರಿಗೆ ಫೋನ್ ಮಾಡಿ ಆ ಸರದ ಕಥೆ ಕೇಳಿ. ಯಾವ ವರ್ಷದ ಬೆಳೆ ಮಾರಿ ಮಾಡಿಸಿದ್ದು, ಎಷ್ಟು ಸಲ ಅಡ ಇಟ್ಟು ಬಿಡಿಸಿಕೊಂಡದ್ದು, ಯಾರ ಮದುವೆಗೆ ಯಾರು ಕೇಳಿ ಹಾಕಿಕೊಂಡು ಹೋಗಿದ್ದು. ನೋಟ್‌ಬುಕ್ಕಿನಲ್ಲಿ ಬರೆಯಿರಿ, ಇಲ್ಲವೇ ಅವರ ದನಿಯನ್ನೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಕರಡಿಗೆಯ ಬಗ್ಗೆಯೂ ಹಾಗೇ. ಬರೆಯುವಾಗ ಅಳು ಬರುತ್ತದೆ, ಬರಲಿ. ಅದೇ ನಮೂನೆಯ ಹೊಸ ಸರ ಮಾಡಿಸಬೇಕೋ ಬೇಡವೋ ಅಂತ ಈಗಲೇ ತೀರ್ಮಾನಿಸಬೇಡಿ. ಕೆಲವರಿಗೆ ಅದರಿಂದ ಸಮಾಧಾನ ಸಿಗುತ್ತದೆ, ಕೆಲವರಿಗೆ ಕಣ್ಣಿಗೆ ಬಿದ್ದಾಗೆಲ್ಲ ನೋವಾಗುತ್ತದೆ. ಮುಂದಿನ ಜಾತ್ರೆಯವರೆಗೆ ಬಿಟ್ಟುಬಿಡಿ.

ಘಟನೆಯಾದ ಮೊದಲ ಕೆಲವು ವಾರ ನಿದ್ದೆ ಕೆಟ್ಟರೆ ಕಾಯಿರಿ ಅಂತ ಹೇಳುತ್ತೇನೆ. ನಿಮಗೆ ಎರಡು ತಿಂಗಳಾಗಿದೆ. ಒಂದು ತಿಂಗಳು ದಾಟಿಯೂ ಭಯ ಇಳಿಯದಿದ್ದರೆ ಯಾರಿಗಾದರೂ ತೋರಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕೊಪ್ಪಳದ ಜಿಲ್ಲಾ ಆಸ್ಪತ್ರೆಗೂ ಹೋಗಬಹುದು. ಹುಚ್ಚು ಅಂತಾರೆ ಅನ್ನುವ ಅಳುಕು ಬೇಡ. ಮನಸ್ಸಿನ ಚಿಕಿತ್ಸೆ ದೊಡ್ಡ ಊರಿಗಷ್ಟೇ ಸೀಮಿತ ಅಲ್ಲ, ಜಿಲ್ಲೆಯ ಸಾಮಾನ್ಯ ಆಸ್ಪತ್ರೆಗಳಲ್ಲೂ ಕೊಡಬಹುದು ಅಂತ ಇಡೀ ದೇಶಕ್ಕೆ ತೋರಿಸಿದ್ದು ನಿಮ್ಮ ಪಕ್ಕದ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ಭಾಗದ ಜನ ಹೆಮ್ಮೆಯಿಂದ ಬಳಸಬೇಕಾದ ಸೌಲಭ್ಯ ಇದು.

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ಸೆಕೆ ತಾಳಲಾರದೆ ಎಲ್ಲರೂ ಮಾಳಿಗೆ ಮೇಲೆ ಮಲಗಿದ್ದಾಗ ಕೆಳಗೆ ಕಳ್ಳರು ನುಗ್ಗಿದರು. ಈಗ ಸಿಕ್ಕಿಬಿದ್ದಿದ್ದಾರೆ. ಅಜ್ಜಿಯ ಬುಗುಡಿ ಹಾಗೇ ಸಿಕ್ಕಿದೆ, ಡಾಬು ಮಾತ್ರ ಕರಗಿಸಿದ ಗಟ್ಟಿಯಾಗಿದೆ. ಕೇಸ್ ಮುಗಿಯುವವರೆಗೆ ಕೊಡುವುದಿಲ್ಲ ಅಂತ ಯಾರೋ ಹೇಳಿದರು. ನಿಜವಾ? ಅಮ್ಮ ಆ ಗಟ್ಟಿಯನ್ನು ನೋಡುವುದಿಲ್ಲ ಅಂತಾರೆ.
– ಬಳ್ಳಾರಿ ಓದುಗರು

ಉತ್ತರ: ಕೇಸ್ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಒಡವೆಯಂಥ ಬೆಲೆಬಾಳುವ ವಸ್ತುವನ್ನು ವರ್ಷಗಟ್ಟಲೆ ಠಾಣೆಯಲ್ಲಿ ಇಟ್ಟುಕೊಳ್ಳಬಾರದು, ಫೋಟೊ ತೆಗೆದು, ಪಂಚನಾಮೆ ಮಾಡಿ, ಬಾಂಡ್ ಬರೆಸಿಕೊಂಡು ಮಾಲೀಕರಿಗೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಸೆಕ್ಷನ್ ಇದಕ್ಕೆ ದಿನವನ್ನೂ ಗೊತ್ತು ಮಾಡಿದೆ. ವಸ್ತು ಕೋರ್ಟಿಗೆ ಬಂದ 14 ದಿನದೊಳಗೆ ವಿವರದ ಪಟ್ಟಿ ಆಗಬೇಕು. ಪಟ್ಟಿ, ಫೋಟೊ ಆದ 30 ದಿನದೊಳಗೆ ಆದೇಶ ಆಗಬೇಕು. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ನಿಮ್ಮ ಸುಪರ್ದಿಗೆ ಕೊಡಿ ಅಂತ ಅರ್ಜಿ ಹಾಕಿ. ಜೊತೆಗೆ ಎಫ್‌ಐಆರ್ ಪ್ರತಿ, ರಸೀದಿ ಇದ್ದರೆ ರಸೀದಿ, ಇಲ್ಲದಿದ್ದರೆ ಹಳೆಯ ಫೋಟೊ ಇಡಿ. ಅಮ್ಮನ ಹೆಸರಲ್ಲಿ ಅರ್ಜಿಯಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ, ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲ. ಸಹಾಯವಾಣಿ 15100. ಒಂದು ಎಚ್ಚರಿಕೆ: ಕೇಸ್ ತೀರುವ ತನಕ ಅದನ್ನು ಮಾರುವ, ಕರಗಿಸುವ, ಬದಲಿಸುವ ಹಾಗಿಲ್ಲ. ಕೋರ್ಟು ಕರೆದಾಗ ತೋರಿಸಬೇಕು.

ಅಮ್ಮ ಗಟ್ಟಿಯನ್ನು ನೋಡುವುದಿಲ್ಲ ಅಂದರೆ ತೋರಿಸಬೇಡಿ. ತಿರುಗಿ ಬಂದಿತಲ್ಲ, ಖುಷಿಪಡು ಅಂತ ಒತ್ತಾಯ ಮಾಡಬೇಡಿ. ಅವರ ಕಣ್ಣಿನಲ್ಲಿ ಅಜ್ಜಿಯ ಸೊಂಟದ ಮೇಲಿದ್ದ ಡಾಬು ಇದೆ, ಅದು ಬಂದಿಲ್ಲ. ಬುಗುಡಿಯನ್ನು ಮಾತ್ರ ಕೈಗೆ ಕೊಡಿ. ಹಾಕಿಕೊಳ್ಳುವರೋ, ಎತ್ತಿಡುವರೋ ಅವರಿಗೆ ಬಿಡಿ.

ಪ್ರಶ್ನೆ: ಗೆಳತಿಯ ಮನೆಯಲ್ಲಿ ಕಳ್ಳತನವಾಗಿದೆ. ತೀರಿಹೋದ ಗಂಡನ ವಾಚು, ಉಂಗುರ ಹೋಗಿವೆ. ಹೋಗಿ ಏನು ಮಾತಾಡಬೇಕು ತಿಳಿಯುತ್ತಿಲ್ಲ.
– ಸಿಂಧನೂರಿನ ಓದುಗರು, ರಾಯಚೂರು ಜಿಲ್ಲೆ

ಉತ್ತರ: ಜೀವಕ್ಕೆ ಏನೂ ಆಗಲಿಲ್ಲವಲ್ಲ, ಪುಣ್ಯ ಅನ್ನಬೇಡಿ. ಅದು ಅವರಿಗೂ ಗೊತ್ತು. ಎಷ್ಟು ಹೋಯಿತು ಅಂತ ಕೇಳಬೇಡಿ. ಊಟ ಕಟ್ಟಿಕೊಂಡು ಹೋಗಿ. ಚೆಲ್ಲಿದ ಬಟ್ಟೆ ಇನ್ನೂ ಮಡಚಿಲ್ಲದಿದ್ದರೆ, ಪೊಲೀಸರು ನೋಡಿ ಹೋದ ಮೇಲೆ, ಜೊತೆಗೆ ಕೂತು ಮಡಚಿ. ಒಂದೆರಡು ರಾತ್ರಿ ಅಲ್ಲೇ ಮಲಗಲು ಆಗುತ್ತದಾ ನೋಡಿ, ಒಬ್ಬರೇ ಇರುವ ಮನೆಯಲ್ಲಿ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ವಾಚಿನ ಮಾತು ಅವರಾಗೇ ತೆಗೆದರೆ ಅವರ ಯಜಮಾನರ ಬಗ್ಗೆ ಕೇಳಿ, ಹೆಸರು ಹಿಡಿದೇ ಕೇಳಿ. ಠಾಣೆಗೆ, ಕೋರ್ಟಿಗೆ ಹೋಗುವ ದಿನ ಜೊತೆಗೆ ಹೋಗಿ. ತಿಂಗಳು ಕಳೆದ ಮೇಲೂ ಒಮ್ಮೆ ಫೋನ್ ಮಾಡಿ, ನಿದ್ದೆ ಬರುತ್ತಿದೆಯಾ ಅಂತ ಕೇಳಿ. ಇಲ್ಲ ಅಂದರೆ ಮೇಲೆ ಹೇಳಿದ 14416 ಸಂಖ್ಯೆಗೆ ನೀವೇ ಪಕ್ಕದಲ್ಲಿ ಕೂತು ಫೋನ್ ಹಚ್ಚಿಕೊಡಿ.