ಚೆಸ್‌ನ ಚೆಕ್, ಬ್ಯಾಂಕಿನ ಚೆಕ್, ಶರ್ಟಿನ ಚೆಕ್ಸ್: ಎಲ್ಲವೂ ಒಂದೇ ಪದವೇ?

ಹೌದು, ಬೇರು ಒಂದೇ: ಪರ್ಷಿಯನ್ನಿನ ‘ಶಾಹ್’, ಅಂದರೆ ರಾಜ. ಬಿಜಾಪುರದ ಆದಿಲ್‌ಶಾಹಿಯಲ್ಲಿ ಇರುವುದೂ ಇದೇ ಶಾಹ್.

ಚದುರಂಗದಲ್ಲಿ ಎದುರಾಳಿಯ ರಾಜನಿಗೆ ಅಪಾಯ ಬಂದಾಗ ‘ಶಾಹ್’ ಎಂದು ಎಚ್ಚರಿಸುತ್ತಿದ್ದರು. ಆಟ ಅರಬರ ಮೂಲಕ ಯುರೋಪಿಗೆ ಹೋಯಿತು. ಪದವೂ ಜೊತೆಗೇ ಹೋಗಿ ಲ್ಯಾಟಿನ್, ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿನಲ್ಲಿ ‘ಚೆಕ್’ ಆಯಿತು. ‘ಚೆಸ್’ ಅನ್ನೋ ಹೆಸರು ಬಂದದ್ದೂ ಅಲ್ಲಿಂದಲೇ. ‘ಚೆಕ್‌ಮೇಟ್’ ಅಂದರೆ ‘ಶಾಹ್ ಮಾತ್’, ರಾಜ ಸಿಕ್ಕಿಬಿದ್ದ ಎಂದು. ಗೆಳೆಯ ಅನ್ನೋ ಅರ್ಥದ ‘ಮೇಟ್’ಗೂ ಇದಕ್ಕೂ ಏನೂ ಸಂಬಂಧವಿಲ್ಲ.

ಚೆಕ್ ಬಿದ್ದರೆ ಮನಬಂದಂತೆ ಆಡೋಕಾಗಲ್ಲ, ಅಲ್ವಾ? ಹಾಗಾಗಿ ಪದಕ್ಕೆ ‘ತಡೆ’, ‘ಹಿಡಿತ’ ಎಂಬ ಅರ್ಥ ಬಂತು. ಹಿಡಿತದಲ್ಲಿಡಲು ಪರಿಶೀಲಿಸಬೇಕು. ನಾವು ದಿನಾ ಹೇಳುವ ‘ಚೆಕ್ ಮಾಡು’ ಹುಟ್ಟಿದ್ದು ಹೀಗೆ.

ಶರ್ಟಿನ ಚೆಕ್ಸ್ ಸುಲಭ: ಚದುರಂಗದ ಹಾಸಿನ ಚೌಕಗಳು.

ನನಗೆ ಜಾಸ್ತಿ ಇಷ್ಟವಾದದ್ದು ದುಡ್ಡಿನ ಕಥೆ. 12ನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜನ ಲೆಕ್ಕ ನೋಡುವ ಮೇಜಿನ ಮೇಲೆ ಚೌಕಳಿ ಬಟ್ಟೆ ಹಾಸುತ್ತಿದ್ದರು. ಚೌಕಗಳಲ್ಲಿ ಬಿಲ್ಲೆಗಳನ್ನಿಟ್ಟು ಮೊತ್ತ ಎಣಿಸುತ್ತಿದ್ದರು. ಅದರಿಂದಲೇ ಖಜಾನೆಗೆ ‘ಎಕ್ಸ್‌ಚೆಕರ್’ ಎಂಬ ಹೆಸರು. ಬ್ರಿಟನ್ನಿನ ಹಣಕಾಸು ಮಂತ್ರಿ ಇಂದಿಗೂ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’! ಬ್ಯಾಂಕಿನ ಚೆಕ್ ಮಾತ್ರ ಬಂದದ್ದು ‘ತಡೆ’ಯ ಅರ್ಥದಿಂದ. ಮೊದಲು ಅದು ಮೋಸ ತಡೆಯಲು ಉಳಿಸಿಕೊಳ್ಳುತ್ತಿದ್ದ ಪ್ರತಿಚೀಟಿಯ ಹೆಸರು. ಬ್ರಿಟಿಷರು ಅದನ್ನು ‘ಕ್ಯೂ’ ಅಕ್ಷರ ಹಾಕಿ ಬರೆಯುವುದಕ್ಕೆ ಎಕ್ಸ್‌ಚೆಕರ್‌ನ ಪ್ರಭಾವ ಕಾರಣ. ಅಮೆರಿಕದವರು ಆ ಗೋಜಿಗೇ ಹೋಗಿಲ್ಲ. ಅಲ್ಲಿ ಹೋಟೆಲ್ ಬಿಲ್ಲೂ ಚೆಕ್, ಟಿಕ್ ಗುರುತೂ ಚೆಕ್.