ನಾನೀಗ ಏನಂತ ಹೇಳಿಕೊಳ್ಳಲಿ ಅಕ್ಕ?

ತಂಗಿ,

ನಿನ್ನ ಪತ್ರ ಓದಿದೆ. ಅರಸೀಕೆರೆಯಿಂದ ಇಂಡಿಯಾನಾಗೆ ಎಂಎಸ್ ಮಾಡಲು ಬಂದು ಇನ್ನೂ ಮೊದಲ ಸೆಮಿಸ್ಟರ್ ಮುಗಿದಿಲ್ಲ. ಅಷ್ಟರಲ್ಲೇ ಕಾಲೇಜಿನ ಫಾರ್ಮಿನಲ್ಲಿ ‘ಏಷ್ಯನ್’ ಆಗಿದ್ದೀಯ, ತೆರಿಗೆ ಕಾಗದದಲ್ಲಿ ‘ನಾನ್‌ರೆಸಿಡೆಂಟ್ ಏಲಿಯನ್’, ಅಂದರೆ ಇಲ್ಲಿಯ ನಿವಾಸಿಯಲ್ಲದ ಪರದೇಶಿ, ಆಗಿದ್ದೀಯ. ರೂಮ್‌ಮೇಟ್‌ಗಳಿಗೆ ‘ಬೆಂಗಳೂರು ಹುಡುಗಿ’, ಇಲ್ಲೇ ಹುಟ್ಟಿದ ಇಂಡಿಯನ್ ಹುಡುಗರಿಗೆ ‘ಫಾಬ್’, ಊರಿನಲ್ಲಿ ಅತ್ತೆ ಮಾವಂದಿರಿಗೆ ಆಗಲೇ ‘ಎನ್‌ಆರ್‌ಐ’. ‘ಇದರಲ್ಲಿ ನಾನು ಯಾವುದು ಅಕ್ಕ? ನಾನೀಗ ಏನಂತ ಹೇಳಿಕೊಳ್ಳಲಿ? ನಿಮಗೆ ಇದೆಲ್ಲ ಯಾವಾಗ ಸರಿಹೋಯ್ತು?’ ಎಂದು ಕೇಳಿದ್ದೀಯ.

ಮಿಷಿಗನ್ನಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಹೆಸರುಗಳು ಕಮ್ಮಿಯಾಗುವುದಿಲ್ಲ, ಜಾಸ್ತಿಯಾಗುತ್ತವೆ. ಮುಂದೆ ಓದು ಮುಗಿದ ಮೇಲಿನ ಕೆಲಸದ ಅನುಮತಿಯಲ್ಲಿದ್ದರೆ ಒಪಿಟಿ ಅನ್ನುತ್ತಾರೆ, ಕೆಲಸದ ವೀಸಾ ಸಿಕ್ಕರೆ ಎಚ್-1ಬಿ ಅನ್ನುತ್ತಾರೆ, ಇಲ್ಲಿಯ ಪೌರತ್ವ ತೆಗೆದುಕೊಂಡರೆ ಭಾರತದ ಲೆಕ್ಕದಲ್ಲಿ ಒಸಿಐ, ಅಂದರೆ ಸಾಗರೋತ್ತರ ನಾಗರಿಕಳು, ಅನ್ನುತ್ತಾರೆ. ಒಂದು ದಿನ ಯಾವನೋ ಹುಡುಗ ‘ಆಂಟಿ’ ಅನ್ನುತ್ತಾನೆ, ಉಳಿದೆಲ್ಲಕ್ಕಿಂತ ಅದೇ ಜೋರಾಗಿ ತಾಗುತ್ತದೆ. ನಾನು ರೂಢಿ ಮಾಡಿಕೊಂಡದ್ದು ಒಂದೇ. ಯಾರಾದರೂ ನನಗೊಂದು ಹೆಸರು ಹಚ್ಚಿದರೆ, ಅದರಿಂದ ಯಾರ ಯಾವ ಕೆಲಸ ಆಗಬೇಕಿದೆ ಎಂದು ನೋಡುತ್ತೇನೆ. ಎಷ್ಟೋ ಸಲ ಅದು ನನ್ನ ವಿಷಯವೇ ಆಗಿರುವುದಿಲ್ಲ.

‘ಏಷ್ಯನ್’ ಅನ್ನುವುದನ್ನೇ ತಗೋ. ಚೀನಾ, ಕೊರಿಯಾದವರ ಜೊತೆ ನನ್ನನ್ನು ಯಾಕೆ ಸೇರಿಸಿದರು ಎಂದು ಬರೆದಿದ್ದೀಯ. ಲಂಡನ್ನಿಗೆ ಹೋಗಿದ್ದರೆ ಇದೇ ಮಾತಿಗೆ ಜನ ಮೊದಲು ನಮ್ಮನ್ನು, ಪಾಕಿಸ್ತಾನದವರನ್ನು ನೆನೆಯುತ್ತಿದ್ದರು. ಅಮೆರಿಕದ ಜನಗಣತಿಯಲ್ಲಿ 1920, 1930 ಮತ್ತು 1940ರಲ್ಲಿ ಭಾರತದವರಿಗೆ ಇದ್ದ ಜನಾಂಗದ ಹೆಸರು ‘ಹಿಂದೂ’. ಆಗ ಇಲ್ಲಿದ್ದ ನಮ್ಮವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು, ಮುಸ್ಲಿಮರೂ ಇದ್ದರು. ಎಲ್ಲರೂ ಕಾಗದದಲ್ಲಿ ಹಿಂದೂ! ಭಗತ್ ಸಿಂಗ್ ಥಿಂದ್ ಎಂಬ ಸಿಖ್ಖರು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಇದ್ದವರು. ಆಗಿನ ಕಾನೂನಿನಲ್ಲಿ ಹೊರಗಿನಿಂದ ಬಂದವರಲ್ಲಿ ಪೌರತ್ವ ಸಿಗುತ್ತಿದ್ದದ್ದು ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ. ಥಿಂದ್ ಪರವಾಗಿ ಏನೆಂದು ವಾದ ಮಾಡಿದರು ಗೊತ್ತಾ? ಇವರು ಮೇಲ್ಜಾತಿಯವರು, ಆರ್ಯರು, ಆದ್ದರಿಂದ ಬಿಳಿಯರೇ ಎಂದು. 1923ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವವೂ ಹೋಯಿತು. ನಮ್ಮವರಿಗೆ ಆ ಬಾಗಿಲು ತೆರೆದದ್ದು 1946ರ ಕಾನೂನಿನಿಂದ. ಅದೂ ವರ್ಷಕ್ಕೆ ಸುಮಾರು ನೂರು ಜನ ವಲಸೆ ಬರಬಹುದು ಎನ್ನುವ ಮಿತಿಯೊಂದಿಗೆ.

ಇನ್ನೂ ತಮಾಷೆ ಕೇಳು. 1970ರ ಜನಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. ಥಿಂದ್ ಬೇಡಿಕೊಂಡರೂ ಸಿಗದ ಹೆಸರು ಕೇಳದೆಯೇ ಸಿಕ್ಕಿತು. ಆಗ ನಮ್ಮವರೇ ಕೆಲವರು ಸಂಘ ಕಟ್ಟಿಕೊಂಡು, ನಮ್ಮನ್ನು ಬೇರೆಯಾಗಿ ಎಣಿಸಿ ಎಂದು ಸರ್ಕಾರದ ಬೆನ್ನು ಹತ್ತಿದರು. ಬಿಳಿಯರ ಲೆಕ್ಕದಲ್ಲಿ ಸೇರಿಹೋದರೆ ಕೆಲಸದಲ್ಲಿ ಭೇದ ಮಾಡಿದರು ಎಂದು ತೋರಿಸುವುದು ಹೇಗೆ, ಅಲ್ಪಸಂಖ್ಯಾತರಿಗೆ ಇರುವ ಸವಲತ್ತು ಕೇಳುವುದು ಹೇಗೆ? ಹಾಗಾಗಿ 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಹೊಸ ಚೌಕ ಬಂತು. ಈಗ ನಿನಗೆ ಒಗ್ಗದ ಆ ಚೌಕ ನಮ್ಮವರೇ ಓಡಾಡಿ ಮಾಡಿಸಿಕೊಂಡದ್ದು. ಒಂದೇ ಮೈಬಣ್ಣದ ಜನ ಅರವತ್ತು ವರ್ಷದಲ್ಲಿ ಹಿಂದೂ ಆದರು, ಬಿಳಿಯರಾದರು, ಏಷ್ಯನ್ ಆದರು. ಇಷ್ಟು ಸಲೀಸಾಗಿ ಬದಲಾಗುವ ಹೆಸರಿಗೆ ನೀನು ನಿದ್ದೆ ಕೆಡಿಸಿಕೊಳ್ಳಬೇಡ ಮಾರಾಯ್ತಿ. ಟಿಕ್ ಹಾಕು, ಮುಂದೆ ಹೋಗು. ನೀನು ಎಫ್-1 ಎಂಬ ವಿದ್ಯಾರ್ಥಿ ವೀಸಾದವಳು ಬೇರೆ. ಕಾಲೇಜು ಸರ್ಕಾರಕ್ಕೆ ಲೆಕ್ಕ ಕೊಡುವಾಗ ನಿನ್ನನ್ನು ಏಷ್ಯನ್ ಸಾಲಿನಲ್ಲಿ ಸೇರಿಸುವುದೇ ಇಲ್ಲ. ಹೊರದೇಶದ ವಿದ್ಯಾರ್ಥಿಗಳಿಗೆ ಬೇರೆ ಸಾಲು.

‘ಏಲಿಯನ್’ ನೋಡಿ ನಿಮ್ಮಪ್ಪ ಬೇಜಾರು ಮಾಡಿಕೊಂಡರು ಎಂದಿದ್ದೀಯ. ಅವರಿಗೆ ಹೇಳು, ಅದು ದುಡ್ಡು ಉಳಿಸುವ ಹೆಸರು. ಎಫ್-1ನಲ್ಲಿ ಬಂದವರು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆ ಲೆಕ್ಕದಲ್ಲಿ ಆ ಸಾಲಿನಲ್ಲೇ ಇರುತ್ತಾರೆ. ಕ್ಯಾಂಪಸ್ಸಿನ ಸಂಬಳದಲ್ಲಿ ಸೋಷಿಯಲ್ ಸೆಕ್ಯೂರಿಟಿ (ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ಎಂದು ಹಿಡಿಯುವುದಿಲ್ಲ. ಎರಡು ದೇಶಗಳ ತೆರಿಗೆ ಒಪ್ಪಂದದಿಂದ ಭಾರತದ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಸಿಗುತ್ತದೆ. ಬೇರೆ ಬಹುತೇಕ ದೇಶದವರಿಗೆ ಅದಿಲ್ಲ. ತೆರಿಗೆ ಇಲಾಖೆಯ ಫಾರ್ಮ್ 8843 ಮಾತ್ರ ಮರೆಯಬೇಡ, ಸಂಪಾದನೆ ಇಲ್ಲದಿದ್ದರೂ ಕೊಡಬೇಕು. ಸಂಬಳ ಬಂದಿದ್ದರೆ ನಾನ್‌ರೆಸಿಡೆಂಟ್‌ಗಳ ತೆರಿಗೆ ರಿಟರ್ನ್ 1040-ಎನ್‌ಆರ್ ಜೊತೆ ಏಪ್ರಿಲ್ ಮಧ್ಯದೊಳಗೆ ಹೋಗಬೇಕು.

ಕಾಗದದ ಹೆಸರುಗಳಲ್ಲಿ ನನಗೆ ನಿಜಕ್ಕೂ ಚಿಂತೆಯಾದದ್ದು ನೀನು ನಗುತ್ತಾ ಬರೆದ ಇನ್ನೊಂದು. ಹಾಜರಿ ಪಟ್ಟಿಯಲ್ಲಿ ನಿನ್ನ ಮೊದಲ ಹೆಸರು ‘ಎಫ್‌ಎನ್‌ಯು’ ಎಂದಿದೆ, ಪ್ರೊಫೆಸರ್ ‘ಫ್ನೂ’ ಎಂದು ಕೂಗುತ್ತಾರೆ, ನೀನೂ ಕೈ ಎತ್ತುತ್ತೀಯ! ಹಾಗೆಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು. ಉತ್ತರ ಕರ್ನಾಟಕದಲ್ಲಿ ಪಾಟೀಲ, ಹಿರೇಮಠ, ಬಡಿಗೇರ ಎಂದು ಮನೆತನದ ಹೆಸರಿರುತ್ತದೆ. ನಮ್ಮ ಹಳೇ ಮೈಸೂರು ಕಡೆ ಇರುವುದು ಇನಿಷಿಯಲ್, ಊರಿನದೊಂದು, ಅಪ್ಪನದೊಂದು. ಪಾಸ್‌ಪೋರ್ಟ್ ಮಾಡಿಸುವಾಗ ಇಡೀ ಹೆಸರನ್ನು ಒಂದೇ ಕಡೆ ಬರೆದು ಸರ್‌ನೇಮ್ ಖಾಲಿ ಬಿಡುತ್ತೇವೆ. ಅಮೆರಿಕದ ವೀಸಾದಲ್ಲಿ ಸರ್‌ನೇಮ್ ಖಾಲಿ ಇರುವಂತಿಲ್ಲ. ನಿನ್ನ ಹೆಸರನ್ನು ಪೂರ್ತಿ ಅಲ್ಲಿಗೆ ತಳ್ಳಿ, ಖಾಲಿಯಾದ ಜಾಗಕ್ಕೆ ಎಫ್‌ಎನ್‌ಯು ತುಂಬುತ್ತಾರೆ. ಅಲ್ಲಿಂದ ಅದು ಕಾಲೇಜು ಐಡಿಗೆ, ಬ್ಯಾಂಕಿಗೆ, ಡ್ರೈವಿಂಗ್ ಲೈಸೆನ್ಸಿಗೆ ಹಬ್ಬುತ್ತದೆ. ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ. ಕೆಲಸಕ್ಕೆ ಸೇರುವಾಗ ಕಾಗದಗಳು ಒಂದಕ್ಕೊಂದು ತಾಳೆಯಾಗದೆ ಪರದಾಡುತ್ತೀಯ.

ಈಗಲೇ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ, ಹಾಜರಿ ಪಟ್ಟಿಯಲ್ಲಿ ‘ಪ್ರಿಫರ್ಡ್ ನೇಮ್’ ಹಾಕಿಸಬಹುದೇ ಕೇಳು. ತುಂಬ ಕಡೆ ಆಗುತ್ತದೆ. ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡಾಗಿ ಬಿಡಿಸಿ ಬರೆಸಲು ಶಿಕಾಗೋದ ನಮ್ಮ ಕಾನ್ಸುಲೇಟಿಗೆ ಅರ್ಜಿ ಹಾಕು, ಇಂಡಿಯಾನಾ ಅವರ ವ್ಯಾಪ್ತಿಗೇ ಬರುತ್ತದೆ. ಹಳೇ ಪಾಸ್‌ಪೋರ್ಟ್ ಬಿಸಾಡಬೇಡ, ವೀಸಾ ಅದರಲ್ಲೇ ಇರುತ್ತದೆ. ಉಳಿದ ಹೆಸರುಗಳ ಬಗ್ಗೆ ನಗಾಡಬಹುದು, ಇದರ ಬಗ್ಗೆ ಮಾತ್ರ ಸುಮ್ನೆ ಕೂರಬೇಡ. ನಿನ್ನ ಹೆಸರು ಉದ್ದ, ಕತ್ತರಿಸಿಕೊಳ್ಳಲಾ ಎಂದೂ ಕೇಳಿದ್ದೀಯ. ಬೇಡ. ಟ್ಚೈಕೋವ್‌ಸ್ಕಿ ಎಂದು ಹೇಳಲು ಕಲಿತ ಜನ ನಿನ್ನ ಐದಕ್ಷರ ಕಲಿಯುತ್ತಾರೆ. ನಿನಗೇ ಚಿಕ್ಕ ಹೆಸರು ಇಷ್ಟವಾದರೆ ಆ ಮಾತು ಬೇರೆ.

ಇನ್ನು ಜನರ ಬಾಯಿ. ರೂಮ್‌ಮೇಟ್‌ಗಳಲ್ಲಿ ಹೆಚ್ಚಿನವರು ಹೈದರಾಬಾದ್, ವಿಜಯವಾಡ ಕಡೆಯವರು, ಅವರಿಗೆ ಕರ್ನಾಟಕವೆಂದರೆ ಬೆಂಗಳೂರು. ಅರಸೀಕೆರೆ ಎಂದೇ ಹೇಳು, ರೈಲ್ವೆ ಜಂಕ್ಷನ್ ಎಂದರೆ ಕೆಲವರಿಗಾದರೂ ಹೊಳೆಯುತ್ತದೆ. ಹಿಂದಿ ಬರುವುದಿಲ್ಲ ಎಂದಾಗ ಹುಬ್ಬೇರಿಸಿದವರ ಎದುರು ತಲೆ ತಗ್ಗಿಸುವಂಥದ್ದು ಏನೂ ಇಲ್ಲ. ಇಂಗ್ಲಿಷಿನಲ್ಲಿ ಮಾತು ಮುಂದುವರಿಸು, ಸಾಕು. ಆ ತೆಲುಗು ಹುಡುಗಿಯರಿಗೂ ಅದೇ ಪಾಡು ಎಂದು ಆಮೇಲೆ ಗೊತ್ತಾಗುತ್ತದೆ, ಸ್ನೇಹ ಅಲ್ಲೇ ಶುರುವಾಗುತ್ತದೆ.

‘ಫಾಬ್’ ಎಂದ ಹುಡುಗನ ಮೇಲೆ ನಿನಗೆ ಸಿಟ್ಟು ಬಂದದ್ದು ಸಹಜ. ಈಗಷ್ಟೇ ಹಡಗಿಳಿದವಳು ಎಂದು ಆಡಿಕೊಂಡಂತೆ. ನೀನು ತಿರುಗಿ ‘ಎಬಿಸಿಡಿ’, ಅಂದರೆ ಅಮೆರಿಕದಲ್ಲಿ ಹುಟ್ಟಿ ಗೊಂದಲಕ್ಕೆ ಬಿದ್ದ ದೇಸಿ, ಎಂದೆ ಎಂದು ಹೆಮ್ಮೆಯಿಂದ ಬರೆದಿದ್ದೀಯ. ಆ ಹೆಮ್ಮೆ ನನಗೆ ಹಿಡಿಸಲಿಲ್ಲ. ನನ್ನ ಮಗಳು ಇಲ್ಲಿ ಟ್ರಾಯ್ ಎಂಬ ಊರಲ್ಲಿ ಬೆಳೆದವಳು. ಎಲ್ಲಿಯವಳು ಎಂದು ಕೇಳಿದವರಿಗೆ ಟ್ರಾಯ್ ಎಂದರೆ, ‘ಅದಲ್ಲ, ನಿಜವಾಗಿ ಎಲ್ಲಿಯವಳು?’ ಅನ್ನುತ್ತಾರೆ. ಶಿವಮೊಗ್ಗಕ್ಕೆ ಹೋದರೆ ಅಲ್ಲಿ ಎಲ್ಲರೂ ಅವಳ ಕನ್ನಡಕ್ಕೆ ನಗುತ್ತಾರೆ. ನಿನಗೆ ಈ ಗೊಂದಲ ಈಗ ಶುರುವಾಗಿದೆ, ಆ ಮಕ್ಕಳಿಗೆ ಕಿಂಡರ್‌ಗಾರ್ಟನ್‌ನಿಂದ ಇದೆ. ಆ ಹುಡುಗ ತನ್ನ ಬಿಳಿ ಸ್ನೇಹಿತರ ಎದುರು ‘ನಾನು ಅವಳ ಥರ ಅಲ್ಲ’ ಎಂದು ತೋರಿಸಬೇಕಿತ್ತು, ಅಷ್ಟೇ. ಅದಕ್ಕೆ ನಿನ್ನನ್ನು ಬಳಸಿಕೊಂಡ.

ಈಗ ನೀನು ಎರಡೇ ಸಾಲಿನಲ್ಲಿ ಮುಗಿಸಿದ ವಿಷಯ. ರೂಮ್‌ಮೇಟ್‌ಗಳಲ್ಲಿ ಒಬ್ಬ ಕನ್ನಡದವಳೇ ನಿನ್ನ ಪೂರ್ತಿ ಹೆಸರು ಕೇಳಿದಳು, ಆಮೇಲೆ ಮನೆದೇವರು ಯಾವುದು ಎಂದಳು, ಆಮೇಲೆ ಅಡುಗೆಮನೆ ಪಾತ್ರೆ ಬೇರೆ ಬೇರೆ ಇಟ್ಟುಕೊಳ್ಳೋಣ ಎಂದಳು. ನೀನು ಕನ್ನಡ ಮೀಡಿಯಂ, ರೂರಲ್ ಕೋಟಾ, 2ಎನಲ್ಲಿ ಸಿಇಟಿ ಸೀಟು ಪಡೆದದ್ದನ್ನು ಇಲ್ಲಿ ಯಾರಿಗೂ ಹೇಳಿಲ್ಲ ಎಂದೂ ಬರೆದಿದ್ದೀಯ. ನಾನು ಮೇಲೆ ಹೇಳಿದ ಯಾವ ಹೆಸರಿಗೂ ಈ ಚೂಪು ಇಲ್ಲ. ಮಿಕ್ಕವನ್ನು ಈ ದೇಶ ಹಚ್ಚಿತು, ಇದನ್ನು ನಮ್ಮವರೇ ಸೂಟ್‌ಕೇಸಿನಲ್ಲಿ ತಂದರು. ಥಿಂದ್ ಪರವಾಗಿ ನಡೆದ ಆ ವಾದ ನೆನಪಿಸಿಕೋ, ಮೇಲ್ಜಾತಿ ಎಂದು ತೋರಿಸಿ ಒಳಗೆ ಬರಲು ನೋಡಿದ್ದು ಇವತ್ತಿನ ಮಾತಲ್ಲ.

ಸಿಇಟಿ ಫಾರ್ಮಿನಲ್ಲಿ ನೀನು ಬರೆದ 2ಎ ಒಂದು ಬಾಗಿಲು ತೆರೆಯಲು ಇದ್ದದ್ದು. ಅಡುಗೆಮನೆಯಲ್ಲಿ ಅವಳು ಕೇಳಿದ್ದು ಬಾಗಿಲು ಹಾಕಲು. ಎರಡೂ ಜಾತಿಯ ಮಾತೇ, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರ ಜೊತೆ ವಾದಕ್ಕೆ ಕೂರಬೇಡ. ನಿನ್ನ ಹಿನ್ನೆಲೆ ಹೇಳುವುದು, ಬಿಡುವುದು ನಿನ್ನಿಷ್ಟ. ಮುಚ್ಚಿಡುವುದಕ್ಕೆ ಅದು ಕಳ್ಳಮಾಲೂ ಅಲ್ಲ, ಕೇಳಿದವರಿಗೆಲ್ಲ ಒಪ್ಪಿಸಬೇಕಾದ ಲೆಕ್ಕವೂ ಅಲ್ಲ. ಆದರೆ ಮಾತು ಪಾತ್ರೆ ದಾಟಿ ಲ್ಯಾಬಿಗೆ, ಟೀಚಿಂಗ್ ಅಸಿಸ್ಟೆಂಟ್ ಕೆಲಸಕ್ಕೆ, ಮನೆ ಬಾಡಿಗೆಗೆ ಬಂದರೆ ಸುಮ್ಮನಿರಬೇಡ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರಲ್ಲಿ ಜಾತಿಯನ್ನು ತನ್ನ ಭೇದಭಾವ ತಡೆಯುವ ನಿಯಮದಲ್ಲಿ ಸೇರಿಸಿತು. ಸಿಯಾಟಲ್ ನಗರ 2023ರ ಫೆಬ್ರುವರಿಯಲ್ಲಿ ಜಾತಿ ಭೇದವನ್ನು ನಿಷೇಧಿಸಿತು, ಅಮೆರಿಕದ ನಗರಗಳಲ್ಲಿ ಅದೇ ಮೊದಲು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಇಂಥದ್ದೇ ಮಸೂದೆ ಒಪ್ಪಿತು. ಗವರ್ನರ್ ನ್ಯೂಸಮ್, ಈಗಿರುವ ಕಾನೂನೇ ಸಾಕು ಎಂದು ಅಕ್ಟೋಬರಿನಲ್ಲಿ ಸಹಿ ಹಾಕದೆ ವಾಪಸ್ ಕಳಿಸಿದರು. ನಿನ್ನ ಕಾಲೇಜಿನ ನಿಯಮ ತೆಗೆದು ಓದು. ಜಾತಿ ಎಂದು ಬರೆದಿರದಿದ್ದರೆ ವಂಶಮೂಲ, ಧರ್ಮ ಎಂದು ಇರುವ ಕಡೆ ನೋಡು. ಯಾರು ಯಾವಾಗ ಏನೆಂದರು ಎಂದು ತಾರೀಖು ಹಾಕಿ ಬರೆದಿಟ್ಟುಕೋ. ಆ ರೂಮ್ ಬಿಡುವುದಾದರೆ ಬಿಡು, ಅದು ಸೋಲಲ್ಲ.

ಇಲ್ಲಿಯ ಕನ್ನಡದವರೆಲ್ಲ ಹಾಗಲ್ಲ. ವೀರಶೈವರದು, ಒಕ್ಕಲಿಗರದು, ಹವ್ಯಕರದು ಎಂದು ಬೇರೆ ಬೇರೆ ಸಂಘಗಳೂ ಇವೆ, ಅವುಗಳಲ್ಲಿ ಒಳ್ಳೆಯವರನ್ನೂ ನೋಡಿದ್ದೇನೆ. ಆದರೆ ಹೊಸಬರಿಗೆ ನಾನು ಹೇಳುವುದು ಕನ್ನಡ ಕೂಟವನ್ನೇ. ಶಿಕಾಗೋದಲ್ಲಿ ವಿದ್ಯಾರಣ್ಯ ಇದೆ, ನಮ್ಮ ಡೆಟ್ರಾಯ್ಟ್ ಕಡೆ ಪಂಪ ಇದೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು ಮಾತಾಡುವವರೂ ಅಲ್ಲಿ ಬಂದು ಕೂರುತ್ತಾರೆ. ಪೂರ್ತಿ ಹೆಸರು ಕೇಳುವವರು ಅಲ್ಲೂ ಒಬ್ಬಿಬ್ಬರು ಸಿಗುತ್ತಾರೆ, ಇಲ್ಲ ಎಂದು ಸುಳ್ಳು ಹೇಳಲಾರೆ. ಹೆಚ್ಚಿನವರು ಕೇಳುವುದು ಊಟ ಆಯ್ತಾ, ವಾಪಸ್ ಹೋಗಲು ಗಾಡಿ ಇದೆಯಾ ಎಂದು. ರಾಜ್ಯೋತ್ಸವಕ್ಕೆ ಹೋಗು. ವಿದ್ಯಾರ್ಥಿಗಳು ಸಿಕ್ಕರೆ ಬಡಿಸಲು ನಿಲ್ಲಿಸಿಕೊಳ್ಳುತ್ತಾರೆ, ಅಡ್ಡಿಯಿಲ್ಲ, ಡಬ್ಬಿಗೂ ತುಂಬಿ ಕೊಡುತ್ತಾರೆ. ನಾಟಕಕ್ಕೆ ಪಾರ್ಟು ಮಾಡು ಎಂದರೆ ಮಾತ್ರ ಈ ವರ್ಷ ಒಪ್ಪಬೇಡ. ರಿಹರ್ಸಲ್ ಎಲ್ಲ ಸರಿಯಾಗಿ ಮಿಡ್‌ಟರ್ಮ್ ಹೊತ್ತಿಗೇ ಇಟ್ಟುಕೊಳ್ಳುತ್ತಾರೆ.