ಸೆಲ್ಲಾರ್‌ಗೆ ಮಾತ್ರ ಹೊಸ ಬಣ್ಣ ಯಾಕೆ ಅಂತ ಕೇಳಿದಿರಾ?

ಪ್ರಶ್ನೆ: ಮೈಸೂರಿನ ಬೋಗಾದಿ ಕಡೆ ಹತ್ತು ವರ್ಷದ ಹಳೇ ಮನೆಯನ್ನು ಫೆಬ್ರವರಿಯಲ್ಲಿ ಕೊಂಡೆವು. ಪರಿಚಯದ ಎಂಜಿನಿಯರ್ ನೋಡಿ ‘ತೊಂದರೆಯಿಲ್ಲ’ ಅಂದಿದ್ದರು, ಬ್ಯಾಂಕಿನ ವ್ಯಾಲ್ಯುಯರ್ ಕೂಡ ಒಪ್ಪಿದ್ದರು. ಅಕ್ಟೋಬರ್ ಮಳೆಗೆ ಸೆಲ್ಲಾರ್‌ನಲ್ಲಿ ಪಾದ ಮುಳುಗುವಷ್ಟು ನೀರು. ‘ಹಳೇ ಓನರ್ ಪ್ರತಿ ಮಳೆಗೂ ಮೋಟರ್ ಹಾಕ್ತಿದ್ರಲ್ಲ’ ಅಂತಾರೆ ಪಕ್ಕದ ಮನೆಯವರು. ಯಾವ ವಾಟರ್‌ಪ್ರೂಫ್ ಪೇಂಟ್ ಹೊಡೆಸಲಿ? ಕೇಸು ಹಾಕಬಹುದೇ?

ಉತ್ತರ: ಪೇಂಟ್ ಮಾತು ಮೊದಲು ಬಿಡಿ. ವರ್ಷಕ್ಕೆ ಹತ್ತು ಜನ ಇದನ್ನೇ ಕೇಳುತ್ತೀರಿ, ನನಗೂ ಹೇಳಿ ಹೇಳಿ ಸಾಕಾಗಿದೆ. ಗೋಡೆಯಾಚೆ ಒಂದು ಮೀಟರ್ ನೀರು ನಿಂತರೆ ಬುಡದಲ್ಲಿ ಚದರ ಮೀಟರಿಗೆ ಸುಮಾರು 1 ಟನ್ ಒತ್ತಡ. ಒಳಗಿನಿಂದ ಬಳಿದ ಬಣ್ಣವನ್ನು ಆ ನೀರು ಹಿಂದಿನಿಂದ ತಳ್ಳುತ್ತದೆ. ಮೊದಲು ಗುಳ್ಳೆ, ಆಮೇಲೆ ಹಪ್ಪಳ. ಆರೇಳು ತಿಂಗಳು ಮುಚ್ಚಿಡಲಿಕ್ಕೆ ಅಷ್ಟು ಸಾಕು, ಮನೆ ಮಾರಲಿಕ್ಕೂ ಅಷ್ಟೇ ಸಾಕು. ಮನೆಯೆಲ್ಲ ಹಳೇ ಬಣ್ಣ, ಸೆಲ್ಲಾರ್‌ಗೆ ಮಾತ್ರ ಹೊಸದು ಅಂದರೆ ಅನುಮಾನ ಬರಬೇಕಿತ್ತು.

ಬ್ಯಾಂಕಿನ ವ್ಯಾಲ್ಯುಯರ್ ನೋಡುವುದು ಸಾಲಕ್ಕೆ ತಕ್ಕ ಬೆಲೆ ಇದೆಯೋ ಇಲ್ಲವೋ ಎಂದು. ಸೋರಿಕೆ ಹುಡುಕುವುದು ಅವರ ಕೆಲಸವಲ್ಲ. ನಿಮ್ಮ ಎಂಜಿನಿಯರನ್ನು ಮಾತ್ರ ನಾನು ಬಯ್ಯಲಾರೆ. ಒಮ್ಮೆ ನಾನೂ ಮಾರ್ಚಿನಲ್ಲಿ ಒಂದು ಸೆಲ್ಲಾರ್ ನೋಡಿ ‘ಒಣಗಿದೆ’ ಅಂತ ಬರೆದುಕೊಟ್ಟೆ. ಗೋಡೆಗೆ ಒರಗಿಸಿದ್ದ ಹಳೇ ಬೀರು ಸರಿಸಿರಲಿಲ್ಲ. ಅದರ ಹಿಂದೆ ನೆಲದಿಂದ ಗೇಣೆತ್ತರಕ್ಕೆ ಬಿಳಿ ಉಪ್ಪು ಎದ್ದಿತ್ತು, ಬೀರಿನ ಕಾಲುಗಳಿಗೆ ತುಕ್ಕಿನ ಬಳೆ. ಮಳೆ ಬಂದಾಗ ಆ ಮನೆಯವರು ಫೋನ್ ಮಾಡಿದ ದನಿ ಇನ್ನೂ ಕಿವಿಯಲ್ಲಿದೆ. ಅಂದಿನಿಂದ ಸಾಮಾನು ಸರಿಸದೆ ಸಹಿ ಹಾಕುವುದಿಲ್ಲ. ಬೇಸಿಗೆಯಲ್ಲಿ ನೋಡಿದ ಸೆಲ್ಲಾರ್ ಬಗ್ಗೆ ‘ಒಂದು ಮಳೆ ಕಳೆಯಲಿ’ ಎಂದೇ ಬರೆಯುತ್ತೇನೆ. ಅತಿ ಎಚ್ಚರ ಅಂತ ಬ್ರೋಕರ್‌ಗಳು ಬೈದುಕೊಳ್ಳಲಿ.

ಈಗ ನೀರಿನ ಮೂಲ ಹುಡುಕಿ. ಸಂಪು ತುಂಬಿಸಿ, ವಾಲ್ವ್ ಮುಚ್ಚಿ, ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು ಒಂದು ದಿನ ಮುಟ್ಟಬೇಡಿ. ಗೆರೆಯಿಂದ ಕೆಳಗಿಳಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಇಳಿಯದಿದ್ದರೆ ಸೆಲ್ಲಾರ್ ನೀರನ್ನು ಬಾಟಲಿಯಲ್ಲಿ ಹಿಡಿದು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಸಾಧನ) ಅದ್ದಿ, ನಲ್ಲಿಯ ಕಾವೇರಿ ನೀರಿಗೂ ಅದ್ದಿ. ಸೆಲ್ಲಾರಿನದು ತುಂಬಾ ಹೆಚ್ಚಿದ್ದರೆ ಮಣ್ಣಿನಿಂದ ಬಂದ ನೀರಿರಬಹುದು. ಸಂಪಿಗೆ ಬೋರ್ ನೀರು ಬಿಡುವವರಿಗೆ ಈ ಪರೀಕ್ಷೆ ಉಪಯೋಗವಿಲ್ಲ. ನಾತ ಬಂದರೆ ಯುಜಿಡಿ, ಅಂದರೆ ಒಳಚರಂಡಿಯ ಚೇಂಬರ್ ನೋಡಿ. ಗೇಟಿನ ಹತ್ತಿರವೂ ನಿಂತು ನೋಡಿ: ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗಿ, ಮನೆಯೇ ತಗ್ಗಿಗೆ ಬಿದ್ದಿರುತ್ತದೆ. ಹಾಗಿದ್ದರೆ ರ್‍ಯಾಂಪಿನ ತುದಿಯಲ್ಲಿ ಒಂದು ದಿಬ್ಬ ಮತ್ತು ಜಾಲರಿ ಚರಂಡಿಯೇ ಅರ್ಧ ಕಾಯಿಲೆ ವಾಸಿ ಮಾಡಬಹುದು.

ನೆಲ ಮತ್ತು ಗೋಡೆ ಸೇರುವ ಮೂಲೆಯಲ್ಲಿ ಕಾಂಕ್ರೀಟ್ ಬಿರುಕಿನಿಂದ ನೀರು ಜಿನುಗುತ್ತಿದ್ದರೆ ಪಿಯು ಇಂಜೆಕ್ಷನ್ (ಬಿರುಕಿನೊಳಗೆ ಪಾಲಿಯುರೆಥೇನ್ ರಾಳ ತುಂಬುವುದು) ಕೆಲಸ ಮಾಡುತ್ತದೆ. ಗೋಡೆ ಸೈಜುಗಲ್ಲಿನದಾದರೆ ಅದನ್ನು ನಂಬಬೇಡಿ, ನೀರು ಪಕ್ಕದ ಸಂದಿನಲ್ಲಿ ಬರುತ್ತದೆ. ಸರಿಯಾದ ದಾರಿ ಹೊರಗಡೆ ಅಗೆದು ಗೋಡೆಗೆ ನೀರು ತಡೆಯುವ ಪದರ (ಮೆಂಬ್ರೇನ್) ಹಾಕಿ ನೀರಿಗೆ ದಾರಿ ಮಾಡುವುದು. ಪಕ್ಕದ ಮನೆಗೆ ಅಂಟಿಕೊಂಡು ಕಟ್ಟಿದ್ದರೆ ಅದಕ್ಕೆ ಜಾಗವಿರುವುದಿಲ್ಲ. ಆಗ ಒಳಗೆ ಗುಂಡಿ, ಅದಕ್ಕೊಂದು ಫ್ಲೋಟ್ ಸ್ವಿಚ್ ಪಂಪು, ನೀರು ಏರಿದಾಗ ತಾನೇ ಓಡುವಂಥದ್ದು. ಹಳೇ ಓನರ್ ಮಾಡಿದ್ದೂ ಇದನ್ನೇ, ನಿಮಗೆ ಹೇಳಲಿಲ್ಲ ಅಷ್ಟೆ.

ಕೇಸಿನ ಮಾತಿಗೆ ವಕೀಲರನ್ನು ಕಾಣಿ, ನಾನು ಸಿಮೆಂಟಿನವನು. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ನೋಡಿ: ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಮಾರುವವರು ತಿಳಿಸಲೇಬೇಕು. ಅವರಿಗೆ ‘ಗೊತ್ತಿತ್ತು’ ಎಂಬುದೇ ನಿಮಗೆ ಕಷ್ಟದ ಭಾಗ. ಆದ್ದರಿಂದ ಏನನ್ನೂ ಒಡೆಯುವ ಮೊದಲು ದಿನಾಂಕ ಬರುವ ಹಾಗೆ ಫೋಟೊ ತೆಗೆಯಿರಿ. ಮೋಟರಿಗೆ ಎಳೆದಿದ್ದ ಹಳೇ ವೈರು, ಗೋಡೆಯಿಂದ ಹೊರಗೆ ಹೋಗುವ ಪೈಪಿನ ತೂತು, ಹೊಸ ಬಣ್ಣದ ಕೆಳಗಿನ ಉಪ್ಪು, ಎಲ್ಲವೂ ಬರಲಿ. ಪಕ್ಕದ ಮನೆಯವರ ಮಾತು ಕಾಂಪೌಂಡಿನ ಮೇಲೆ ಉಳಿಯದೆ ಕಾಗದಕ್ಕೆ ಬರಬೇಕು.

ಪ್ರಶ್ನೆ: ಬಿಲ್ಡರ್‌ನಿಂದ ಹೊಸ ಫ್ಲ್ಯಾಟ್, ಮೂರನೇ ವರ್ಷಕ್ಕೇ ಪಾರ್ಕಿಂಗ್ ನೆಲಮಾಳಿಗೆ ಸೋರುತ್ತಿದೆ.

ಉತ್ತರ: ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ವ್ಯಾಪ್ತಿಯ ಯೋಜನೆಯಾದರೆ ಸ್ವಾಧೀನದಿಂದ 5 ವರ್ಷದೊಳಗೆ ಬರೆದು ದೂರು ಕೊಡಿ. 30 ದಿನದಲ್ಲಿ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ವಾಟ್ಸಾಪಿನಲ್ಲಿ ಗೊಣಗುವುದು ದೂರಲ್ಲ.

ಪ್ರಶ್ನೆ: ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಸೋರುವ ಜಾಗ ತೋರಿಸುವವರನ್ನು ಕರೆಸಬಹುದೇ?

ಉತ್ತರ: ಬೇಡ.

ಪ್ರಶ್ನೆ: ನೈರುತ್ಯದಲ್ಲಿ ಸೆಲ್ಲಾರ್ ಇರುವುದಕ್ಕೇ ನೀರು ಬರುತ್ತಿದೆಯೇ?

ಉತ್ತರ: ನೀರಿಗೆ ಗೊತ್ತಿರುವುದು ತಗ್ಗು ಮಾತ್ರ.

ಪ್ರಶ್ನೆ: ಮಂಡ್ಯದ ಹೊರಗೆ, ಗದ್ದೆ ಬಯಲಿನ ಪಕ್ಕದ ಮನೆ. ಮಳೆಯಿಲ್ಲದ ದಿನವೂ ಸೆಲ್ಲಾರ್ ಒದ್ದೆ.

ಉತ್ತರ: ಒದ್ದೆಯಾದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟ ದಿನಗಳ ಜೊತೆ ಇಟ್ಟು ನೋಡಿ. ಗದ್ದೆಯಲ್ಲಿ ನೀರು ನಿಂತರೆ ಸುತ್ತಲಿನ ಅಂತರ್ಜಲ ಏರುತ್ತದೆ, ನಿಮ್ಮ ಸೆಲ್ಲಾರ್ ಒಂದು ಬಾವಿಯ ಹಾಗೆ. ಎರಡೂ ತಾಳೆಯಾದರೆ ಪ್ಲಂಬರನ್ನು ಕರೆಯಬೇಡಿ. ಮನೆ ಇನ್ನೂ ಕೊಂಡಿಲ್ಲವಾದರೆ ನಾಲೆ ಹರಿಯುವಾಗ ಇನ್ನೊಂದು ಸಲ ಹೋಗಿ ನೋಡಿ, ಅಡ್ವಾನ್ಸ್ ಆಮೇಲೆ ಕೊಡಿ.